ಮೆಟ್ಟಿಲ ಬೀಮ್ ಎಲ್ಲಿ ಬರಬೇಕು? ಎರಡು ನಕ್ಷೆ ಎರಡು ಥರ ಹೇಳುತ್ತಿವೆ, ಮೋಲ್ಡ್ ಹತ್ತಿರ ಬಂದಿದೆ

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ 30-40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಕೆಳಗೆ ಹಾಲ್, ಅಡುಗೆಮನೆ, ಅಮ್ಮನ ರೂಮು. ಮೇಲೆ ಎರಡು ರೂಮು. ನಾನಿರುವುದು ಬೆಂಗಳೂರಿನಲ್ಲಿ, ವಾರದ ಕೊನೆಗೆ ಮಾತ್ರ ಸೈಟಿಗೆ ಹೋಗುತ್ತೇನೆ. ಕಾಲಂ ಎದ್ದು ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿಯುವ ಹಲಗೆ ಕೆಲಸ) ಮುಗಿದಿದೆ. ಈಗ ಸ್ಲ್ಯಾಬಿನ ಕಬ್ಬಿಣ ಕಟ್ಟುತ್ತಿದ್ದಾರೆ. ಬರುವ ಭಾನುವಾರ ಮೋಲ್ಡ್, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವುದು, ಅಂತ ಮಾತಾಗಿತ್ತು. ನಿನ್ನೆ ಕಂಟ್ರಾಕ್ಟರ್ ಫೋನ್ ಮಾಡಿ, "ಸಾರ್, ಆರ್ಕಿಟೆಕ್ಟ್ ನಕ್ಷೆಗೂ ಸ್ಟ್ರಕ್ಚರ್ ನಕ್ಷೆಗೂ ಮೆಟ್ಟಿಲ ಹತ್ತಿರ ತಾಳೆ ಆಗ್ತಿಲ್ಲ, ಯಾವುದನ್ನು ಹಿಡೀಲಿ?" ಅಂದರು.

ವಿಷಯ ಇಷ್ಟು. ನೆಲದಿಂದ ನೆಲಕ್ಕೆ 10 ಅಡಿ 6 ಇಂಚು. 7 ಇಂಚಿನ 18 ಮೆಟ್ಟಿಲು, ಕಾಲಿಡುವ ಅಗಲ 10 ಇಂಚು. ಮೊದಲ ನಕ್ಷೆಯಲ್ಲಿ 9 ಹತ್ತಿ, ಲ್ಯಾಂಡಿಂಗ್‌ನಲ್ಲಿ ತಿರುಗಿ, ಮತ್ತೆ 9 ಹತ್ತಬೇಕಿತ್ತು. ಅಮ್ಮನಿಗೆ ಮಂಡಿ ನೋವು, ರಾತ್ರಿ ದೂರ ನಡೆಯಬಾರದು ಅಂತ ಲ್ಯಾಂಡಿಂಗ್ ಕೆಳಗೆ ಒಂದು ಟಾಯ್ಲೆಟ್ ಕೇಳಿದ್ದೆವು. ಎತ್ತರ ಸಾಲದು ಅಂತ ಆರ್ಕಿಟೆಕ್ಟ್ ಮೆಟ್ಟಿಲನ್ನು 11 ಮತ್ತು 7 ಮಾಡಿ ಹೊಸ ನಕ್ಷೆ ಕಳಿಸಿದರು. ಅದರಲ್ಲಿ ಮೆಟ್ಟಿಲ ಮೇಲಿನ ಓಪನಿಂಗ್ 20 ಇಂಚು ಕಡಿಮೆಯಾಗಿದೆ. ಬೀಮ್ ಕೂಡ ಅಷ್ಟು ಒಳಗೆ ಬಂದಿದೆ. ಸ್ಟ್ರಕ್ಚರಲ್ ಇಂಜಿನಿಯರ್ ಕೊಟ್ಟ ಸ್ಟ್ರಕ್ಚರ್ ನಕ್ಷೆಯಲ್ಲಿ (ಬೀಮ್, ಕಬ್ಬಿಣದ ನಕ್ಷೆ) ಬೀಮ್ ಹಳೇ ಜಾಗದಲ್ಲೇ ಇದೆ.

ಆರ್ಕಿಟೆಕ್ಟ್ ಹೇಳುವುದು, "ನನ್ನದೇ ಕೊನೆಯ ನಕ್ಷೆ." ಸ್ಟ್ರಕ್ಚರಲ್ ಇಂಜಿನಿಯರ್ ಹೇಳುವುದು, "ಅದು ನನಗೆ ಬಂದೇ ಇಲ್ಲ." ಇದನ್ನೆಲ್ಲ ಕೂಡಿಸಿ ನೋಡುವುದು ಯಾರ ಕೆಲಸ? ಈಗ ಯಾವುದನ್ನು ಹಿಡಿಯಬೇಕು?

ಗಾರೆ ಕೆಲಸ
ಮೊದಲು ನಿಮ್ಮ ಕಂಟ್ರಾಕ್ಟರಿಗೆ ಒಂದು ಕಾಫಿ ಕುಡಿಸಿ. ದಾವಣಗೆರೆಯಲ್ಲಿ ನಾನೂ ಇದೇ ಕೆಲಸ ಮಾಡುವವನು. ಕಬ್ಬಿಣ ಕಟ್ಟುವಾಗ ನಿಲ್ಲಿಸಿ ಕೇಳುವವರು ಕಡಿಮೆ. ಬಾರ್ ಬೆಂಡರ್ ಕೈಯಲ್ಲಿ ಇರುವುದು ಸ್ಟ್ರಕ್ಚರ್ ನಕ್ಷೆ, ಅವನು ಅದರಂತೆ ಕಟ್ಟಿ ಹೋಗುತ್ತಾನೆ. ಗಾರೆಯವರು ಆರ್ಕಿಟೆಕ್ಟ್ ನಕ್ಷೆ ಹಿಡಿದು ಗೋಡೆ ಕಟ್ಟುತ್ತಾರೆ. ಇಬ್ಬರೂ ಸರಿ. ಮನೆ ಮಾತ್ರ ತಪ್ಪು.

ಭಾನುವಾರದ ಮೋಲ್ಡ್ ಸದ್ಯಕ್ಕೆ ಬಿಡಿ. ಸೆಂಟ್ರಿಂಗ್ ಬಾಡಿಗೆ ನಾಲ್ಕು ದಿನ ಜಾಸ್ತಿ ಆಗಬಹುದು. ಕಾಂಕ್ರೀಟ್ ಒಡೆಯುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಬಿಳಿ ಹಾಳೆ
ನಾನು ಮೈಸೂರಿನಲ್ಲಿ ಆರ್ಕಿಟೆಕ್ಟ್. ಯಾವ ನಕ್ಷೆ ಹೊಸದು ಅನ್ನುವುದನ್ನು ಪಕ್ಕಕ್ಕಿಡಿ. ಮೆಟ್ಟಿಲ ಸೆಕ್ಷನ್, ಅಂದರೆ ಕೊಯ್ದು ಪಕ್ಕದಿಂದ ನೋಡಿದ ಚಿತ್ರ, ಇದೆಯಾ? ಪ್ಲಾನಿನಲ್ಲಿ ಎಲ್ಲ ಮೆಟ್ಟಿಲೂ ಚೆನ್ನಾಗೇ ಕಾಣುತ್ತದೆ, ತಲೆ ತಾಗುವುದು ಸೆಕ್ಷನ್‌ನಲ್ಲಿ. ಬೀಮ್ ಎಷ್ಟು ಆಳ?

ಹೇಮಾವತಿ ದಂಡೆ
ಸ್ಲ್ಯಾಬ್ ಸೇರಿ 18 ಇಂಚು. ಹೊಸ ನಕ್ಷೆಗೆ ಸೆಕ್ಷನ್ ಕಳಿಸಿಲ್ಲ, ಪ್ಲಾನ್ ಮಾತ್ರ ಇದೆ. ಹಳೆಯದಕ್ಕೆ ಇತ್ತು.

ಬಿಳಿ ಹಾಳೆ
ಹಾಗಾದರೆ ಇಲ್ಲೇ ಲೆಕ್ಕ ಹಾಕೋಣ. ಮುಗಿದ ನೆಲದಿಂದ ಮೇಲಿನ ಮುಗಿದ ನೆಲಕ್ಕೆ 126 ಇಂಚು. ಟೈಲ್ಸು, ಅದರ ಕೆಳಗಿನ ಗಾರೆ ಅಂತ 2 ಇಂಚು ಕಳೆಯಿರಿ. ಬೀಮಿನ 18 ಕಳೆಯಿರಿ. ಪ್ಲಾಸ್ಟರ್ ಅರ್ಧ ಇಂಚು. ಬೀಮಿನ ತಳ ಮುಗಿದ ನೆಲದಿಂದ 105½ ಇಂಚಿನಲ್ಲಿ ಬರುತ್ತದೆ.

ಹೊಸ ನಕ್ಷೆಯಲ್ಲಿ ಕೆಳಗಿನ ಸಾಲು ಎರಡು ಮೆಟ್ಟಿಲು ಹಾಲ್ ಕಡೆ ಚಾಚಿದೆ. ಮೇಲಿನ ಸಾಲು ಎರಡು ಮೆಟ್ಟಿಲು ಮುಂಚೆಯೇ ಮುಗಿಯುತ್ತದೆ. ಎರಡೂ ಸೇರಿ ನಾಲ್ಕು, ಅಂದರೆ ಬೀಮ್ ಈಗ ಕೆಳಗಿನ ಸಾಲಿನ 4ನೇ ಮೆಟ್ಟಿಲ ಮೇಲೆ ಬಂದು ಕೂತಿದೆ. ಅಲ್ಲಿ ನಿಂತವರಿಗೆ 77½ ಇಂಚು, 6 ಅಡಿ 5 ಚಿಲ್ಲರೆ. 5ನೇ ಮೆಟ್ಟಿಲಿಗೆ ಕಾಲಿಡುವಾಗ ಬೀಮಿನ ಅಂಚಿನ ಕೆಳಗೆ ಉಳಿಯುವುದು 70½ ಇಂಚು. 5 ಅಡಿ 10. ಏನೇ ಆದರೂ 7 ಅಡಿಗಿಂತ ಕಡಿಮೆ ಬಿಡಬಾರದು.

ನಿಮ್ಮ ಆರ್ಕಿಟೆಕ್ಟ್ ಪ್ಲಾನ್ ತಿದ್ದಿ ಸೆಕ್ಷನ್ ಮುಟ್ಟಿಲ್ಲ ಅಂತ ಕಾಣುತ್ತದೆ. ಸ್ಟ್ರಕ್ಚರ್ ನಕ್ಷೆ ಸುಮ್ನೆ ಅದೃಷ್ಟದಿಂದ ಸರಿ ಇದೆ. ಅದನ್ನೇ ಹಿಡಿದರೂ ಇನ್ನೊಂದು ತೊಂದರೆ: ಮೇಲಿನ ಸಾಲು ಮುಗಿಯುವ ಜಾಗಕ್ಕೂ ಸ್ಲ್ಯಾಬ್ ಶುರುವಾಗುವ ಜಾಗಕ್ಕೂ 20 ಇಂಚು ಗ್ಯಾಪ್.

ಗಾರೆ ಕೆಲಸ
ಉಲ್ಟಾ ಬೀಮ್ ಹಾಕಿಸಿ. ಸ್ಲ್ಯಾಬಿನಿಂದ ಮೇಲಕ್ಕೆ ಹೋಗಲಿ, ಕೆಳಗೆ ತಲೆ ತಾಗುವುದಿಲ್ಲ.

ಬೀಮ್ ಬಾಟಮ್
ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲಿ. ಉಲ್ಟಾ ಬೀಮ್ ಬೇಡ. ಮೇಲಿನ ಸಾಲು ಹತ್ತಿ ಬಂದವರು ಕಾಲಿಡುವುದೇ ಆ ಗೆರೆಯಲ್ಲಿ. 5 ಇಂಚು ಸ್ಲ್ಯಾಬಿನೊಳಗೆ ಹೋದರೂ 13 ಇಂಚಿನ ಕಟ್ಟೆ ಮೇಲೆ ಏಳುತ್ತದೆ. ಮಹಡಿ ಹತ್ತಿದವರು ಹರ್ಡಲ್ಸ್ ಹಾರಬೇಕು.

ದಾರಿ ಇಲ್ಲ ಅಂತಲ್ಲ. ಬೀಮ್ ಹಳೇ ಜಾಗದಲ್ಲೇ ಇರಲಿ. ಮೇಲಿನ ಸಾಲಿನ ಇಳಿಜಾರು ಸ್ಲ್ಯಾಬನ್ನು ಕೊನೆಯಲ್ಲಿ ಮಟ್ಟಸವಾಗಿ ಮಡಿಸಿ, 20 ಇಂಚು ತಂದು ಬೀಮಿಗೆ ಸೇರಿಸಬಹುದು. 6 ಇಂಚು ದಪ್ಪ ಹಿಡಿದರೆ 5ನೇ ಮೆಟ್ಟಿಲ ಅಂಚಿನಲ್ಲಿ 6 ಅಡಿ 10 ಚಿಲ್ಲರೆ ಸಿಗುತ್ತದೆ. 7 ಅಡಿಗಿಂತ ಚೂರು ಕಡಿಮೆಯೇ. ಮಡಿಸಿದ ಕಡೆ ಕಬ್ಬಿಣದ ಡೀಟೇಲ್ ಬೇರೆ ಇರುತ್ತದೆ. ಒಳಮೂಲೆಯಲ್ಲಿ ಕಂಬಿಯನ್ನು ಹಾಗೇ ಬಗ್ಗಿಸಿ ತಂದರೆ, ಭಾರ ಬಿದ್ದಾಗ ಅದು ನೇರವಾಗಲು ನೋಡಿ ಕಂಬಿ ಮುಚ್ಚಿರುವ ಕವರ್ ಕಾಂಕ್ರೀಟನ್ನು ಕಿತ್ತುಹಾಕುತ್ತದೆ. ಎರಡು ಕಡೆಯ ಕಂಬಿಯೂ ಒಂದನ್ನೊಂದು ದಾಟಿ ಮುಂದಕ್ಕೆ ಹೋಗಬೇಕು. ಅದನ್ನು ನಿಮ್ಮ ಇಂಜಿನಿಯರೇ ಬರೆದುಕೊಡಬೇಕು, ಬಾರ್ ಬೆಂಡರ್ ಅಂದಾಜಿನಲ್ಲಿ ಮಾಡುವುದಲ್ಲ.

"ಚಿಕ್ಕ ಬದಲಾವಣೆ, ಅವರಿಗೇನು ಹೇಳುವುದು" ಅನ್ನುವವರಿಗೆ ನಾನು ಯಾವಾಗಲೂ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಕಥೆ ಹೇಳುತ್ತೇನೆ. 1981ರ ಜುಲೈ 17. ಲಾಬಿಯಲ್ಲಿ ನೃತ್ಯ ನಡೆಯುತ್ತಿತ್ತು. ಛಾವಣಿಯಿಂದ ಉಕ್ಕಿನ ಸರಳುಗಳಲ್ಲಿ ನೇತು ಹಾಕಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಒಂದೇ ಉದ್ದ ಸರಳು ಮೇಲಿನ ನಡೆದಾರಿಯನ್ನು ದಾಟಿ ಕೆಳಗಿನದರವರೆಗೆ ಹೋಗಬೇಕಿತ್ತು. ಅಷ್ಟುದ್ದಕ್ಕೂ ಥ್ರೆಡ್ ಹಾಕಿ ನಟ್ ತಿರುಗಿಸುವುದು ಕಷ್ಟ ಅಂತ ಅದನ್ನು ಎರಡು ತುಂಡು ಮಾಡಿದರು. ಒಂದು ಸರಳು ಛಾವಣಿಯಿಂದ ಮೇಲಿನ ನಡೆದಾರಿಗೆ, ಇನ್ನೊಂದು ಅಲ್ಲಿಂದ ಕೆಳಗಿನದಕ್ಕೆ. ನೋಡಲು ಏನೂ ವ್ಯತ್ಯಾಸವಿಲ್ಲ. ಆದರೆ ಮೇಲಿನ ನಡೆದಾರಿಯ ನಟ್ ಈಗ ತನ್ನ ಭಾರದ ಜೊತೆ ಕೆಳಗಿನದರ ಭಾರವನ್ನೂ ಹೊರಬೇಕಾಯಿತು. ಎರಡು ಪಟ್ಟು. ಮೂಲ ಜೋಡಣೆಯೇ ನಿಯಮ ಕೇಳುವಷ್ಟು ಗಟ್ಟಿ ಇರಲಿಲ್ಲ ಅಂತ ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಬದಲಾದ ಜೋಡಣೆಗೆ ಯಾರೂ ಹೊಸದಾಗಿ ಲೆಕ್ಕ ಹಾಕಿರಲಿಲ್ಲ. ಇಂಜಿನಿಯರುಗಳ ಮುದ್ರೆ ಮಾತ್ರ ಬಿದ್ದಿತ್ತು.

ಸುಮ್ನೆ ಓದೋನು
ಇಷ್ಟೆಲ್ಲ ನಕ್ಷೆ ಬೇಕಾ ಅಂತ ನನ್ನ ಪ್ರಶ್ನೆ. ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ಆರ್ಕಿಟೆಕ್ಟ್ ಲಾರಿ ಬೇಕರ್ ತಿರುವನಂತಪುರದಲ್ಲಿ ಸೈಟಿನಲ್ಲೇ ನಿಂತು ಮನೆಗಳನ್ನು ಬದಲಾಯಿಸಿಕೊಂಡು ಕಟ್ಟಿದರು. ನಮ್ಮ ತಾತ ಮಲೆನಾಡಿನಲ್ಲಿ ಕಟ್ಟಿದ ಮನೆಗೆ ಒಂದು ಹಾಳೆಯೂ ಇರಲಿಲ್ಲ. ಇವತ್ತಿಗೂ ನಿಂತಿದೆ.

ಬಿಳಿ ಹಾಳೆ
ಬೇಕರ್ ಹೆಸರು ಎಲ್ಲರೂ ಹೀಗೇ ತರುತ್ತಾರೆ. ಅವರು ಸೈಟಿನಲ್ಲಿ ಬದಲಾಯಿಸುತ್ತಿದ್ದರು, ನಿಜ. ಆದರೆ ಅಲ್ಲಿ ಡಿಸೈನ್ ಮಾಡುವವರೂ ಅವರೇ, ಕಟ್ಟಿಸುವವರೂ ಅವರೇ. ಮೇಸ್ತ್ರಿಗಳಿಗೆ ಕೆಲಸ ಕಲಿಸಿದವರೂ ಅವರೇ. ಒಂದು ಇಟ್ಟಿಗೆ ಎಲ್ಲಿ ಬಿಡಬೇಕು ಅಂತ ನಿಂತಲ್ಲೇ ತೋರಿಸುತ್ತಿದ್ದರು. ತಲೆ ಒಂದೇ ಆದರೆ ನಕ್ಷೆ ಕಡಿಮೆ ಇದ್ದರೂ ನಡೆಯುತ್ತದೆ. ಹಾಸನದ ಈ ಮನೆಯಲ್ಲಿ ಹಲವು ತಲೆ ಇವೆ, ಯಜಮಾನರು ಬೆಂಗಳೂರಿನಲ್ಲಿದ್ದಾರೆ.

ತಾತನ ಮನೆಯಲ್ಲಿ ಸ್ಲ್ಯಾಬಿನೊಳಗೆ ವೈರು, ಪೈಪು ಹೋಗುತ್ತಿರಲಿಲ್ಲ ಅನ್ನುವುದೂ ನೆನಪಿರಲಿ.

ಟ್ಯೂಬ್ ಲೆವೆಲ್
ಸೈಟ್ ಇಂಜಿನಿಯರ್ ನಾನು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಕ್ಷಮಿಸಿ.

ಮೆಟ್ಟಿಲ ಜಗಳ ಸಿಕ್ಕಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಒಂದು ಕಡೆ ತಾಳೆ ಇಲ್ಲ ಅಂದರೆ ಇನ್ನೂ ನಾಲ್ಕು ಕಡೆ ಇರುವುದಿಲ್ಲ. ಮೋಲ್ಡ್ ಆದ ಮೇಲೆ ಸರಿ ಮಾಡಲಾಗದ್ದು ಏನು ಅಂತ ಮಾತ್ರ ಯೋಚಿಸಿ. ಬಾಗಿಲ ಬಣ್ಣ ಆಮೇಲೆ ನೋಡಬಹುದು. ಮೇಲಿನ ಬಾತ್‌ರೂಮಿನ ಸಂಕನ್ ಸ್ಲ್ಯಾಬ್ (ಪೈಪಿಗಾಗಿ ತಗ್ಗಿಸಿದ ಸ್ಲ್ಯಾಬ್) ಹಾಗಲ್ಲ. ಅದು ಆರ್ಕಿಟೆಕ್ಟ್ ನಕ್ಷೆಯಲ್ಲಿರುವ ಜಾಗದಲ್ಲೇ ಇಳಿದಿದೆಯಾ, ಎಷ್ಟು ಇಳಿದಿದೆ, ಮೊದಲು ಅದನ್ನು ನೋಡಿ. ಬಾತ್‌ರೂಮ್ ಎಡದಿಂದ ಬಲಕ್ಕೆ ತಿರುಗಿರುತ್ತದೆ, ಸ್ಟ್ರಕ್ಚರ್ ನಕ್ಷೆಯಲ್ಲಿ ಸಂಕನ್ ಮಾತ್ರ ಹಳೇ ಕಡೆಯೇ ಉಳಿದಿರುತ್ತದೆ. ಇದು ತೀರಾ ಮಾಮೂಲಿ. ಕಮೋಡ್ ಪೈಪ್ 4 ಇಂಚಿನದು. ಅದು ಡಕ್ಟಿಗೆ ಹೋಗುವ ದಾರಿಯಲ್ಲಿ ಬೀಮ್ ಬಂದರೆ ಈಗಲೇ ಇಂಜಿನಿಯರನ್ನು ಕೇಳಿ ಸ್ಲೀವ್ (ಪೈಪು ಹೋಗುವ ತೂತು) ಬಿಡಬೇಕು. ಆಮೇಲೆ ಪ್ಲಂಬರ್ ಡ್ರಿಲ್ ಹಿಡಿದು ಬಂದು ಬೀಮಿನ ತಳದ ಕಂಬಿಯನ್ನೇ ಕೊಯ್ಯುತ್ತಾನೆ. ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಕರೆಂಟು. ಫ್ಯಾನ್ ಬಾಕ್ಸ್ ರೂಮಿನ ಮಧ್ಯಕ್ಕೆ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾವ ರೂಮು? ವಾರ್ಡ್‌ರೋಬಿಗೆ 2 ಅಡಿ ಹೋದ ಮೇಲಿನ ಮಧ್ಯವೋ, ಗೋಡೆಯಿಂದ ಗೋಡೆಗೆ ಮಧ್ಯವೋ? ಆರ್ಕಿಟೆಕ್ಟ್ ಹತ್ತಿರ ಫರ್ನಿಚರ್ ಹಾಕಿದ ಪ್ಲಾನ್ ಕೇಳಿ, ಅದನ್ನೇ ಎಲೆಕ್ಟ್ರೀಷಿಯನ್ ಕೈಗೆ ಕೊಡಿ. ಇನ್ನೊಂದು, ಡಿಬಿ ಬಾಕ್ಸ್ (ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ) ಇರುವ ಮೂಲೆಯಲ್ಲಿ ವೈರಿನ ಎಲ್ಲ ಪೈಪೂ ಒತ್ತಾಗಿ ಬಂದು ಇಳಿಯುತ್ತವೆ. 5 ಇಂಚಿನ ಸ್ಲ್ಯಾಬಿನಲ್ಲಿ 25 ಎಂಎಂ ಪೈಪು ಎಂಟು ಒಟ್ಟಿಗೆ ಮಲಗಿಸಿದರೆ ಅಲ್ಲಿ ಕಾಂಕ್ರೀಟ್ ಎಲ್ಲಿ ಉಳಿಯಿತು? ಬಿಡಿಬಿಡಿಯಾಗಿ, ಕೆಳಗಿನ ಕಂಬಿಗೂ ಮೇಲಿನ ಕಂಬಿಗೂ ನಡುವೆ ಹೋಗಲಿ.

ನಕ್ಷೆಯ ಕಥೆಗೆ ಬರುತ್ತೇನೆ. ಸೈಟಿನಲ್ಲಿ ಸಿಮೆಂಟ್ ಶೆಡ್ಡಿನ ಗೋಡೆಗೆ ಅಂಟಿಸಿದ ನಕ್ಷೆ ಯಾವುದು ಅಂತ ನೋಡಿ. ಹತ್ತಕ್ಕೆ ಎಂಟು ಕಡೆ ಅದು ಹಳೇದೇ. ಹೊಸದು ವಾಟ್ಸಾಪಿನಲ್ಲಿ ಬಂದು, ಹಬ್ಬದ ಶುಭಾಶಯಗಳ ಕೆಳಗೆ ಎಲ್ಲೋ ಹೋಗಿರುತ್ತದೆ. ಹೊಸ ಹಾಳೆ ಬಂದ ದಿನ ಹಳೇದನ್ನು ಕಿತ್ತು ಹರಿದುಹಾಕಿ. ಇಟ್ಟುಕೊಳ್ಳಲೇಬೇಕು ಅಂದರೆ ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆಯಿರಿ. ಫೋನಿನಲ್ಲಿ ಬಂದ ಚಿತ್ರಕ್ಕೆ ಸ್ಕೇಲ್ ಇಟ್ಟು ಅಳೆಯಬೇಡಿ, ಬರೆದ ಅಳತೆ ಮಾತ್ರ ಓದಿ.

ಅಳತೆ ಅಂದಾಗ ನೆನಪಾಯಿತು. ನಕ್ಷೆಯಲ್ಲಿ ಗೋಡೆ 230 ಎಂಎಂ ಅಂತ ಇದ್ದು, ನೀವು 8 ಇಂಚಿನ ಸಾಲಿಡ್ ಬ್ಲಾಕ್ ತಂದರೆ ಅದು 200 ಎಂಎಂ. 9 ಇಂಚಿನ ಕಾಲಂ ಗೋಡೆಯಿಂದ ಒಂದು ಇಂಚು ಹೊರಗೆ ಇಣುಕುತ್ತದೆ. ಯಾವ ಕಡೆಗೆ ಇಣುಕಬೇಕು ಅಂತ ಮೇಸ್ತ್ರಿ ಅಲ್ಲೇ ತೀರ್ಮಾನ ಮಾಡುತ್ತಾನೆ. ಆಮೇಲೆ ವಾರ್ಡ್‌ರೋಬಿನವನು ಬಂದು ಜಾಗ ಸಾಲದು ಅಂತಾನೆ.

ಮರಳುಗಾಡು
ನಾನು ದುಬೈನಲ್ಲಿ ಬಿಐಎಂ (ಕಟ್ಟಡದ ಕಂಪ್ಯೂಟರ್ ಮಾಡೆಲ್) ಕೋಆರ್ಡಿನೇಟರ್, ಊರು ಕುಂದಾಪುರ. ಇಲ್ಲಿ ಇಂಥ ಪ್ರಶ್ನೆ ಬಂದರೆ ಕಂಟ್ರಾಕ್ಟರ್ ಫೋನ್ ಮಾಡುವುದಿಲ್ಲ. ಆರ್‌ಎಫ್‌ಐ (ಮಾಹಿತಿ ಕೇಳುವ ಅರ್ಜಿ) ಅಂತ ಒಂದು ಹಾಳೆ ಹಾಕುತ್ತಾನೆ. ಅದಕ್ಕೆ ನಂಬರ್ ಇರುತ್ತದೆ, ಯಾವ ದಿನದೊಳಗೆ ಉತ್ತರ ಬೇಕು ಅಂತ ಇರುತ್ತದೆ, ಉತ್ತರ ಬರವಣಿಗೆಯಲ್ಲೇ ಬರಬೇಕು. ಆರ್ಕಿಟೆಕ್ಚರ್, ಸ್ಟ್ರಕ್ಚರ್, ಪೈಪು, ಡಕ್ಟು ಎಲ್ಲದರ ಮಾಡೆಲನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು, ಯಾವುದು ಯಾವುದಕ್ಕೆ ತಾಗುತ್ತದೆ ಅಂತ ಹುಡುಕುತ್ತೇವೆ. ನಿಮ್ಮ ಬೀಮ್ ಅಲ್ಲಿ ಐದು ನಿಮಿಷದಲ್ಲಿ ಕೆಂಪಾಗಿ ಕಾಣುತ್ತಿತ್ತು.

ಆದರೆ ಅದನ್ನೂ ಜಾಸ್ತಿ ನಂಬಬೇಡಿ. ಮಾಡೆಲಿನಲ್ಲಿ ಹಾಕದೇ ಇದ್ದದ್ದು ತಾಗುವುದೇ ಇಲ್ಲ. ತಣ್ಣೀರು ಪೈಪಿನ ಸುತ್ತ ಇನ್ಸುಲೇಷನ್ ಹಾಕಿರುವುದಿಲ್ಲ, ವಾಲ್ವ್ ತಿರುಗಿಸಲು ಕೈ ಹೋಗುವ ಜಾಗ ಬಿಟ್ಟಿರುವುದಿಲ್ಲ. ಕಂಪ್ಯೂಟರ್ ಎಲ್ಲ ಸರಿ ಅನ್ನುತ್ತದೆ, ಸೈಟಿನಲ್ಲಿ ಫಿಟ್ಟರ್ ಬೈಯುತ್ತಾನೆ.

30-40 ಮನೆಗೆ ಈ ವೈಭವ ಬೇಡ. ಕೆಲಸದಲ್ಲಿರುವ ಎಲ್ಲರೂ ಇರುವ ಒಂದು ವಾಟ್ಸಾಪ್ ಗುಂಪು ಮಾಡಿ. ಪ್ರಶ್ನೆಯೂ ಅಲ್ಲೇ, ಉತ್ತರವೂ ಅಲ್ಲೇ. ಫೋನಿನಲ್ಲಿ ಮಾತಾಡಿದ್ದನ್ನು ಮಾತಾಡಿದವರೇ ಆ ಗುಂಪಿನಲ್ಲಿ ಒಂದು ಸಾಲು ಬರೆಯಬೇಕು. ಬರೆಯದೇ ಇದ್ದರೆ ಅದು ಆಗಲೇ ಇಲ್ಲ ಅಂತ ಲೆಕ್ಕ.

ಗಾರೆ ಕೆಲಸ
ಬರೆಯುವುದೆಲ್ಲ ಸರಿ ಸಾರ್, ದುಡ್ಡು ಯಾರು ಕೊಡುತ್ತಾರೆ? ನಮಗೆ ಚದರಡಿ ಲೆಕ್ಕ. ಆರ್ಕಿಟೆಕ್ಟ್ ಒಂದು ಗೆರೆ ಅಳಿಸಿದರೆ ನಾನು ಸೆಂಟ್ರಿಂಗ್ ಬಿಚ್ಚಿ ಮತ್ತೆ ಹಾಕಬೇಕು. ಅದರ ಕೂಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ನಕ್ಷೆ ತಡವಾಗಿ ಕೊಟ್ಟವರು ಮಾತ್ರ ಸೈಟಿಗೆ ಬಂದು "ಯಾಕೆ ಕೆಲಸ ನಿಂತಿದೆ?" ಅಂತ ಕೇಳುತ್ತಾರೆ.

ಬಿಳಿ ಹಾಳೆ
ಈ ಮಾತು ಒಪ್ಪುತ್ತೇನೆ. ಇನ್ನೊಂದು ಕಡೆಯೂ ಕೇಳಿ. ನಮ್ಮ ಊರುಗಳಲ್ಲಿ ಅನೇಕರು ನಕ್ಷೆಗೆ ಮಾತ್ರ ಫೀಸ್ ಕೊಡುತ್ತಾರೆ. ಸೈಟ್ ವಿಸಿಟ್ ಅಂದ ಕೂಡಲೇ "ಅದಕ್ಕೆ ಕಂಟ್ರಾಕ್ಟರ್ ಇದ್ದಾರಲ್ಲ" ಅಂತ ಅದನ್ನು ಹೊಡೆದುಹಾಕುತ್ತಾರೆ. ಪ್ಲಾನ್ ಸ್ಯಾಂಕ್ಷನ್ ಆದ ನಕ್ಷೆಯನ್ನೇ ಹಿಡಿದು ಪಾಯ ತೆಗೆದವರನ್ನೂ ನೋಡಿದ್ದೇನೆ. ಆ ನಕ್ಷೆ ಪಾಲಿಕೆಗೆ. ಅದರಲ್ಲಿ ಸೆಟ್‌ಬ್ಯಾಕ್ (ಸುತ್ತ ಬಿಡುವ ಜಾಗ), ಎತ್ತರ ಇರುತ್ತದೆ. ಸೆಂಟರ್ ಲೈನ್, ಲಿಂಟಲ್ ಮಟ್ಟ, ಪೈಪಿನ ದಾರಿ ಇರುವುದಿಲ್ಲ. ಕಟ್ಟುವುದಕ್ಕೆ ವರ್ಕಿಂಗ್ ಡ್ರಾಯಿಂಗ್ ಬೇರೆಯೇ ಬೇಕು.

ಕೇಳಿದ್ದ ಪ್ರಶ್ನೆಗೆ ಉತ್ತರ: ನಕ್ಷೆಗಳನ್ನು ತಾಳೆ ನೋಡುವುದು ಆರ್ಕಿಟೆಕ್ಟ್ ಕೆಲಸ. ಆದರೆ ಒಪ್ಪಂದದಲ್ಲಿ ಅದು ಬರೆದಿರಬೇಕು. ಇಲ್ಲದೇ ಇದ್ದರೆ ಅದು ನಿಮ್ಮ ಕೆಲಸವೇ ಆಗಿರುತ್ತದೆ, ನಿಮಗೆ ಗೊತ್ತಿಲ್ಲದೇ.

ಸುಮ್ನೆ ಓದೋನು
ನನ್ನದೊಂದು ದಡ್ಡ ಪ್ರಶ್ನೆ. ಲ್ಯಾಂಡಿಂಗ್ ಕೆಳಗಿನ ಟಾಯ್ಲೆಟ್‌ಗೆ ಕೊನೆಗೂ ಎಷ್ಟು ಎತ್ತರ ಸಿಗುತ್ತದೆ?

ಬೀಮ್ ಬಾಟಮ್
ದಡ್ಡ ಪ್ರಶ್ನೆ ಅಲ್ಲ, ಇದನ್ನೇ ಮೊದಲು ಕೇಳಬೇಕಿತ್ತು. 11 ಮೆಟ್ಟಿಲು ಅಂದರೆ 77 ಇಂಚು. ಫ್ಲೋರಿಂಗ್ 2, ಸ್ಲ್ಯಾಬ್ 6, ಪ್ಲಾಸ್ಟರ್ ಅರ್ಧ ಕಳೆದರೆ 68½. ಅಂದರೆ 5 ಅಡಿ 8½ ಇಂಚು.

ಹೇಮಾವತಿ ದಂಡೆ
ಹೌದು, ಅದಕ್ಕೇ ಟಾಯ್ಲೆಟ್ ನೆಲವನ್ನು 6 ಇಂಚು ತಗ್ಗಿಸಿ ಕೊಟ್ಟಿದ್ದಾರೆ.

ಸುಮ್ನೆ ಓದೋನು
ಅಂದರೆ ಮಂಡಿ ನೋವಿನ ಅಮ್ಮ ರಾತ್ರಿ ನಿದ್ದೆಗಣ್ಣಿನಲ್ಲಿ 6 ಇಂಚು ಕೆಳಗೆ ಇಳಿಯಬೇಕು, ವಾಪಸ್ ಹತ್ತಬೇಕು. ಮೇಲೆ ತಲೆ ತಗ್ಗಿಸಿಕೊಂಡು. ಅಲ್ವಾ?

ಬಿಳಿ ಹಾಳೆ
ನಾವೆಲ್ಲ ಬೀಮ್ ಬಗ್ಗೆ ಇಷ್ಟು ಹೊತ್ತು ಮಾತಾಡಿದೆವು!

ಆ ಟಾಯ್ಲೆಟ್ಟನ್ನು ಅಲ್ಲಿಂದ ತೆಗೆಯಿರಿ. ಅಮ್ಮನ ರೂಮಿನ ಹಿಂದೆ ಯುಟಿಲಿಟಿ ಇದೆಯಾ? ಅದರಲ್ಲಿ 4 ಅಡಿಗೆ 6 ಅಡಿ ಸಿಕ್ಕರೆ ಸಾಕು. ಗೋಡೆಗಳು ಇನ್ನೂ ಎದ್ದಿಲ್ಲ, ನೆಲದ ಕಾಂಕ್ರೀಟ್ ಆಗಿಲ್ಲ, ಡ್ರೈನ್ ಪೈಪ್ ತಿರುಗಿಸುವುದು ಈಗ ಸುಲಭ. ಬಾಗಿಲಿಗೆ ಎರಡೂವರೆ ಅಡಿ ಬದಲು 3 ಅಡಿ ಇಡಿ, ಹೊರಗೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಆದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ನೆಲ ರೂಮಿನ ಮಟ್ಟಕ್ಕೆ ಹತ್ತಿರ ಇರಲಿ, ಅರ್ಧ ಇಂಚು ತಗ್ಗು ಸಾಕು, ನೀರು ತಡೆಯಲು ಒಳಗೆ ಇಳಿಜಾರು ಕೊಡಿ.

ಮೆಟ್ಟಿಲು ಮತ್ತೆ 9 ಮತ್ತು 9. ಸ್ಟ್ರಕ್ಚರ್ ನಕ್ಷೆ ಇದ್ದ ಹಾಗೇ.

ಹೇಮಾವತಿ ದಂಡೆ
ಅಪ್‌ಡೇಟ್. ಮೋಲ್ಡ್ ಬುಧವಾರಕ್ಕೆ ಹೋಗಿದೆ. ಭಾನುವಾರ ಆರ್ಕಿಟೆಕ್ಟ್, ಇಂಜಿನಿಯರ್, ಕಂಟ್ರಾಕ್ಟರ್ ಮೂವರನ್ನೂ ಸೈಟಿಗೆ ಕರೆದಿದ್ದೆ. ಮೂವರೂ ಒಟ್ಟಿಗೆ ನಿಂತಿದ್ದು ಇದೇ ಮೊದಲು. ಹಲಗೆ ಮೇಲೆ ಟೇಪ್ ಹಿಡಿದು ಬೀಮಿನ ಗೆರೆ ತೋರಿಸಿದಾಗ ಆರ್ಕಿಟೆಕ್ಟ್ ತಾವೇ "ಇಲ್ಲಿ ತಲೆ ತಾಗುತ್ತೆ" ಅಂದರು. ಯುಟಿಲಿಟಿಯಲ್ಲಿ ಟಾಯ್ಲೆಟ್ ಸಿಕ್ಕಿದೆ. ವಾಷಿಂಗ್ ಮೆಷಿನ್ ಮಹಡಿಗೆ ಹೋಯಿತು, ಹೆಂಡತಿಗೆ ಅದು ಸಮಾಧಾನವಿಲ್ಲ.

ಟ್ಯೂಬ್ ಲೆವೆಲ್ ಅವರು ಹೇಳಿದ ಹಾಗೆ ಸಂಕನ್ ನೋಡಿಸಿದೆ. ಜಾಗ ಸರಿ ಇತ್ತು. ಆದರೆ ಅಡುಗೆಮನೆ ಚಿಮಣಿ ಪೈಪಿಗೆ ಬೀಮ್ ಅಡ್ಡ ಇತ್ತು, ಅದನ್ನು ಪಕ್ಕದ ಗೋಡೆಗೆ ತಿರುಗಿಸಿದರು. ಶೆಡ್ಡಿನ ಗೋಡೆಯಲ್ಲಿ ಇದ್ದದ್ದು ಮೊದಲನೇ ನಕ್ಷೆಯೇ!

ಇನ್ನೊಂದು ಕೇಳಬೇಕಿತ್ತು. ಮೆಟ್ಟಿಲಿನ ಸೆಂಟ್ರಿಂಗ್ ಹಾಕುವಾಗ ಎಲ್ಲ ಮೆಟ್ಟಿಲೂ 7 ಇಂಚು ಅಂತ ಹೇಳಿದರೆ ಸಾಕಲ್ವಾ? ವಾಸಕಲ್ಲು ಪೂಜೆಗೆ ಅಮ್ಮ ದಿನ ನೋಡಿಸಿದ್ದಾರೆ, ಹೊಸಿಲನ್ನು ಯಾವ ಮಟ್ಟಕ್ಕೆ ಇಡಿಸಬೇಕು?

ಟ್ಯೂಬ್ ಲೆವೆಲ್
ಸಾಲದು. ನೆಲಕ್ಕೆ ಫ್ಲೋರಿಂಗ್ 2 ಇಂಚು ಬರುತ್ತದೆ, ಮೆಟ್ಟಿಲಿಗೆ ಗ್ರಾನೈಟ್ ಮತ್ತು ಗಾರೆ ಸೇರಿ ಒಂದೂವರೆ ಅಂತ ಇಟ್ಟುಕೊಳ್ಳಿ. ಕಾಂಕ್ರೀಟಿನಲ್ಲಿ ಮೊದಲ ಮೆಟ್ಟಿಲು 7½ ಇಂಚು ಇರಬೇಕು, ಮೇಲಿನ ಸ್ಲ್ಯಾಬಿಗೆ ಹತ್ತುವ ಕೊನೆಯದು 6½. ನಡುವಿನವು 7. ಆಗ ಮುಗಿದ ಮೇಲೆ ಎಲ್ಲವೂ 7 ಆಗುತ್ತವೆ. ಎಲ್ಲ 7 ಹಾಕಿದರೆ ಮೊದಲನೆಯದು 6½, ಕೊನೆಯದು 7½ ಆಗಿ, ಬಂದವರೆಲ್ಲ ಮೇಲೆ ಎಡವುತ್ತಾರೆ. ಯಾವ ಗ್ರಾನೈಟು, ಯಾವ ಟೈಲ್ಸು ಅಂತ ಈಗಲೇ ತೀರ್ಮಾನ ಮಾಡಿ, ದಪ್ಪ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ.

ಹೊಸಿಲಿಗೂ ಅದೇ. ಪೂಜೆ ದಿನ ಭಟ್ಟರು ಕಾಯುತ್ತಿರುತ್ತಾರೆ, ನೆಂಟರು ಬಂದಿರುತ್ತಾರೆ, ಮೇಸ್ತ್ರಿ ಕೈಗೆ ಸಿಕ್ಕ ಕಲ್ಲು ಇಟ್ಟು ನಿಲ್ಲಿಸಿಬಿಡುತ್ತಾನೆ. ಹಿಂದಿನ ದಿನವೇ ಎಲ್ಲ ಕಾಲಂ ಮೇಲೂ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಪೈಪು) ಹಿಡಿದು, ಮುಗಿದ ನೆಲದಿಂದ 3 ಅಡಿಗೆ ಒಂದು ಗೆರೆ ಎಳೆಸಿ. ಹೊಸಿಲು, ಕಿಟಕಿ, ಅಡುಗೆ ಕಟ್ಟೆ, ಮೆಟ್ಟಿಲು ಎಲ್ಲ ಆ ಗೆರೆಯಿಂದಲೇ ಅಳೆಯಲಿ.

ಗಾರೆ ಕೆಲಸ
ಗೆರೆಯನ್ನು ಪೇಂಟಿನಲ್ಲಿ ಎಳೆಸಿ. ಪೆನ್ಸಿಲ್ ಆದರೆ ಕ್ಯೂರಿಂಗ್ ನೀರಿಗೆ ಹೋಗುತ್ತದೆ. 7½ ಮತ್ತು 6½ ಅನ್ನುವುದನ್ನು ಸೆಂಟ್ರಿಂಗ್ ಹಲಗೆಯ ಮೇಲೇ ದೊಡ್ಡದಾಗಿ ಬರೆಯಿಸಿ, ನಕ್ಷೆಯನ್ನು ಬಡಗಿ ನೋಡುವುದಿಲ್ಲ.